ಓದುಗರ ಪ್ರಶ್ನೆ: ಲೋಡ್‌ನ ಬೆನ್ನಿಗೇ ಬಂದ ಆಡ್ ಏಕೆ ತಪ್ಪುತ್ತದೆ?

ಪ್ರಶ್ನೆ: ಎಂ.ಟೆಕ್ ಪ್ರಾಜೆಕ್ಟ್‌ಗಾಗಿ ಐದು ಹಂತದ (ಫೆಚ್, ಡಿಕೋಡ್, ಎಕ್ಸಿಕ್ಯೂಟ್, ಮೆಮೊರಿ, ರೈಟ್‌ಬ್ಯಾಕ್) ರಿಸ್ಕ್-ವಿ ಪ್ರೊಸೆಸರ್ ಅನ್ನು ಹಾರ್ಡ್‌ವೇರ್ ಭಾಷೆಯಾದ ವೆರಿಲಾಗ್‌ನಲ್ಲಿ ಬರೆದಿದ್ದೇನೆ. ಫಾರ್ವರ್ಡಿಂಗ್ (ಫಲಿತಾಂಶ ರಿಜಿಸ್ಟರ್‌ಗೆ ಬರೆಯುವ ಮೊದಲೇ ಹಿಂದೆ ಬರುವ ಇನ್‌ಸ್ಟ್ರಕ್ಷನ್‌ಗೆ ದಾಟಿಸುವುದು) ಇದೆ. ಆದರೂ ಲೋಡ್ (ಮೆಮೊರಿಯಿಂದ ಓದುವುದು) ಆದ ತಕ್ಷಣ ಅದೇ ಬೆಲೆ ಬಳಸುವ ಆಡ್ (ಕೂಡಿಸುವುದು) ಬಂದರೆ ಉತ್ತರ ತಪ್ಪು. ನಡುವೆ ಒಂದು ನಾಪ್ (ಏನೂ ಮಾಡದ ಇನ್‌ಸ್ಟ್ರಕ್ಷನ್) ಹಾಕಿದರೆ ಸರಿ. ಏಕೆ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಆ ನಾಪ್‌ನಲ್ಲೇ ಸುಳಿವಿದೆ. ಲೋಡ್ 1ನೇ ಕ್ಲಾಕ್‌ನಲ್ಲಿ ಫೆಚ್ ಆದರೆ, ಮೆಮೊರಿಯಿಂದ ಡೇಟಾ ಕೈಗೆ ಸಿಗುವುದು 4ನೇ ಕ್ಲಾಕ್‌ನ ಕೊನೆಗೆ. ಹಿಂದೆಯೇ ಬಂದ ಆಡ್‌ಗೆ ಅದು ಬೇಕಾಗಿರುವುದು ಅದೇ ಕ್ಲಾಕ್‌ನ ಆರಂಭಕ್ಕೆ. ಆ ಹೊತ್ತಿಗೆ ಎಕ್ಸಿಕ್ಯೂಟ್, ಮೆಮೊರಿ ಹಂತಗಳ ನಡುವಿನ ಎಕ್ಸ್-ಮೆಮ್ ರಿಜಿಸ್ಟರ್‌ನಲ್ಲಿರುವುದು ಡೇಟಾ ಅಲ್ಲ, ಲೋಡ್‌ನ ವಿಳಾಸ. ನಿಮ್ಮ ಫಾರ್ವರ್ಡಿಂಗ್ ಅದನ್ನೇ ಎಎಲ್‌ಯುಗೆ (ಲೆಕ್ಕ ಮಾಡುವ ಘಟಕಕ್ಕೆ) ದಾಟಿಸುತ್ತಿದೆ. ಪರೀಕ್ಷಿಸಿ: ಎಕ್ಸ್2 ರಿಜಿಸ್ಟರ್‌ನಲ್ಲಿ 4096, ಎಕ್ಸ್7ರಲ್ಲಿ 1 ಇಟ್ಟು, 8(ಎಕ್ಸ್2)ರಿಂದ, ಅಂದರೆ 4104ನೇ ವಿಳಾಸದಿಂದ, ಎಕ್ಸ್5ಕ್ಕೆ ಲೋಡ್ ಮಾಡಿ, ಮುಂದಿನ ಸಾಲಿನಲ್ಲೇ ಎಕ್ಸ್5, ಎಕ್ಸ್7 ಕೂಡಿಸಿ. 4105 ಬಂದರೆ ಕಾರಣ ಇದೇ.

ಇಲ್ಲಿ ಒಂದು ಕ್ಲಾಕ್ ಕಾಯಲೇಬೇಕು. ಐಡಿ-ಎಕ್ಸ್‌ನಲ್ಲಿ (ಡಿಕೋಡ್, ಎಕ್ಸಿಕ್ಯೂಟ್ ನಡುವಿನ ರಿಜಿಸ್ಟರ್) ಲೋಡ್ ಇದ್ದು, ಅದರ ಆರ್‌ಡಿ (ಫಲಿತಾಂಶ ಬರೆಯುವ ರಿಜಿಸ್ಟರ್‌ನ ಸಂಖ್ಯೆ) ಸೊನ್ನೆಯಲ್ಲದೆ, ಡಿಕೋಡ್‌ನಲ್ಲಿರುವ ಇನ್‌ಸ್ಟ್ರಕ್ಷನ್ ಓದುವ ರಿಜಿಸ್ಟರ್‌ಗಳಾದ ಆರ್‌ಎಸ್1 ಅಥವಾ ಆರ್‌ಎಸ್2ಕ್ಕೆ ಹೊಂದಿದರೆ, ಪಿಸಿಯನ್ನೂ (ಮುಂದೆ ಫೆಚ್ ಆಗುವ ವಿಳಾಸ) ಫೆಚ್, ಡಿಕೋಡ್ ನಡುವಿನ ಐಎಫ್-ಐಡಿಯನ್ನೂ ಹಿಡಿದು ನಿಲ್ಲಿಸಿ. ಐಡಿ-ಎಕ್ಸ್‌ನ ಕಂಟ್ರೋಲ್ ಸಿಗ್ನಲ್‌ಗಳಿಗೆ ಸೊನ್ನೆ ತುಂಬಿ. ಮೂರೂ ಒಂದೇ ಕ್ಲಾಕ್‌ನಲ್ಲಿ ಆಗಬೇಕು. ಪಿಸಿ ನಿಲ್ಲದಿದ್ದರೆ ಒಂದು ಇನ್‌ಸ್ಟ್ರಕ್ಷನ್ ಕಳೆದುಹೋಗುತ್ತದೆ. ಸೊನ್ನೆ ತುಂಬದಿದ್ದರೆ ಆಡ್ ಎರಡು ಸಲ ಓಡುತ್ತದೆ, ಮೊದಲ ಸಲ ತಪ್ಪು ಬೆಲೆಯೊಂದಿಗೆ.

ಇನ್ನೊಂದು ಸೂಕ್ಷ್ಮ: ಇನ್‌ಸ್ಟ್ರಕ್ಷನ್‌ನೊಳಗೇ ಇರುವ ಸಂಖ್ಯೆಯನ್ನು (ಇಮ್ಮೀಡಿಯೆಟ್) ಕೂಡಿಸುವ ಆಡ್‌ಐಗೆ ಆರ್‌ಎಸ್2 ಇಲ್ಲ, ಅದರ ಜಾಗವಾದ 24ರಿಂದ 20ರವರೆಗಿನ ಬಿಟ್‌ಗಳಲ್ಲಿ ಇಮ್ಮೀಡಿಯೆಟ್‌ನ ಭಾಗ ಇರುತ್ತದೆ. ಎಕ್ಸ್5ಕ್ಕೆ ಲೋಡ್ ಆದ ಮೇಲೆ 5 ಕೂಡಿಸುವ ಆಡ್‌ಐ ಬಂದರೆ, ಆ 5 ಅನ್ನು ಆರ್‌ಎಸ್2 ಎಂದು ಭಾವಿಸಿ ಸುಮ್ಮನೆ ಸ್ಟಾಲ್ ಆಗುತ್ತದೆ (ಒಂದು ಕ್ಲಾಕ್ ಕಾಯುತ್ತದೆ). ಉತ್ತರ ಕೆಡದ ಕಾರಣ ಇದು ಯಾರ ಕಣ್ಣಿಗೂ ಬೀಳುವುದಿಲ್ಲ, ವೇಗ ಮಾತ್ರ ಸೋರುತ್ತದೆ. ಆರ್‌ಎಸ್2 ನಿಜವಾಗಿ ಓದುತ್ತದೆಯೇ ಎಂಬ ಒಂದು ಬಿಟ್ ಅನ್ನು ಡಿಕೋಡರ್‌ನಿಂದಲೇ ತನ್ನಿ.

ಪ್ರಶ್ನೆ: ಪ್ರೊಸೆಸರ್‌ನ ತಪ್ಪು ಎಲ್ಲಿ ಶುರುವಾಯಿತೆಂದು ವೇವ್‌ಫಾರ್ಮ್‌ನಲ್ಲಿ (ಸಿಗ್ನಲ್‌ಗಳು ಕ್ಲಾಕ್‌ನಿಂದ ಕ್ಲಾಕ್‌ಗೆ ಬದಲಾಗುವ ಚಿತ್ರ) ಹುಡುಕಿ ಸಾಕಾಗಿದೆ. ಬೇರೆ ದಾರಿ?
– ಓದುಗ, ಮೈಸೂರು

ಉತ್ತರ: ವೇವ್‌ಫಾರ್ಮ್ ಕೊನೆಗೆ ತೆರೆಯಿರಿ. ರೈಟ್‌ಬ್ಯಾಕ್ ಹಂತದಲ್ಲಿ ಪಿಸಿ, ರಿಜಿಸ್ಟರ್ ಸಂಖ್ಯೆ, ಬೆಲೆ ಇಷ್ಟನ್ನು ಪ್ರತಿ ಸಲ ಒಂದು ಸಾಲಾಗಿ ಮುದ್ರಿಸಿ. ಅದೇ ಪ್ರೋಗ್ರಾಂ ಅನ್ನು ರಿಸ್ಕ್-ವಿಯ ಸ್ಪೈಕ್ ಸಿಮ್ಯುಲೇಟರ್‌ನಲ್ಲಿ ಕಮಿಟ್ ಲಾಗ್ (ಮುಗಿದ ಇನ್‌ಸ್ಟ್ರಕ್ಷನ್‌ಗಳ ಪಟ್ಟಿ) ಸಹಿತ ಓಡಿಸಿ, ಎರಡನ್ನೂ ಸಾಲು ಸಾಲಾಗಿ ಹೋಲಿಸಿ. ಸ್ಪೈಕ್ ಮೊದಲು ಹೆಕ್ಸ್ 1000ರಲ್ಲಿರುವ ತನ್ನ ಬೂಟ್ ಕೋಡ್ ಓಡಿಸಿ ನಂತರ ಹೆಕ್ಸ್ 80000000ಕ್ಕೆ ಜಿಗಿಯುತ್ತದೆ. ಆ ಆರಂಭದ ಸಾಲುಗಳನ್ನು ಬಿಡಿ. ಮೊದಲು ಹೊಂದದ ಸಾಲಿನ ಪಿಸಿ ಹಿಡಿದು, ಆ ನಾಲ್ಕೈದು ಕ್ಲಾಕ್‌ಗಳನ್ನು ಮಾತ್ರ ವೇವ್‌ಫಾರ್ಮ್‌ನಲ್ಲಿ ನೋಡಿ.