ಮೃದ್ವಸ್ಥಿಯೊಳಗೆ (ಕಾರ್ಟಿಲೇಜ್) ರಕ್ತನಾಳ ಏಕೆ ಬೆಳೆಯುವುದಿಲ್ಲ? ಮೃದ್ವಸ್ಥಿ ಮೂಳೆಯಾಗುವಾಗ ಮಾತ್ರ ನಾಳ ಹೇಗೆ ಬೆಳೆಯುತ್ತದೆ?

ತಡೆಯುವುದು ಮೃದ್ವಸ್ಥಿಯ ಕೋಶಗಳೇ ಸ್ರವಿಸುವ ಪ್ರೋಟೀನುಗಳು. ಮುಖ್ಯವಾದದ್ದು ಕಾಂಡ್ರೋಮಾಡ್ಯುಲಿನ್-1, ರಕ್ತನಾಳದ ಒಳಪದರದ ಕೋಶಗಳು ಹೆಚ್ಚದಂತೆ, ಮುಂದೆ ಸರಿಯದಂತೆ ಇದು ತಡೆಯುತ್ತದೆ. 1975ರಲ್ಲಿ ಬ್ರೆಮ್ ಮತ್ತು ಫೋಕ್‌ಮನ್ ಎಂಬ ಸಂಶೋಧಕರು ಮೊಲದ ಕಣ್ಣಿನ ಕಾರ್ನಿಯಾದಲ್ಲಿ, ರಕ್ತನಾಳಗಳನ್ನು ತನ್ನತ್ತ ಸೆಳೆಯುವ ಗೆಡ್ಡೆಯ (ಟ್ಯೂಮರ್) ಚೂರಿನ ಜೊತೆ ಎಳೆಯ ಮೃದ್ವಸ್ಥಿಯ ತುಣುಕು ಇಟ್ಟರು. ಗೆಡ್ಡೆಯತ್ತ ಹೊರಟಿದ್ದ ನಾಳಗಳ ಬೆಳವಣಿಗೆ ಕುಂಠಿತವಾಯಿತು. ಎಷ್ಟು ಸರಳ, ಎಷ್ಟು ಸ್ಪಷ್ಟ ಪ್ರಯೋಗ!

ಮೂಳೆಯಾಗುವ ಹೊತ್ತಿಗೆ ಮೃದ್ವಸ್ಥಿಯ ಕೋಶಗಳು ಉಬ್ಬುತ್ತವೆ. ಆಗ ಕಾಂಡ್ರೋಮಾಡ್ಯುಲಿನ್ ಇಳಿದು, ನಾಳಗಳನ್ನು ಸೆಳೆಯುವ ವಿಇಜಿಎಫ್ ಎಂಬ ಪ್ರೋಟೀನು ಏರುತ್ತದೆ. ಎಂಎಂಪಿ-9 ಎಂಬ ಕಿಣ್ವ ಕೋಶಗಳ ಸುತ್ತಲಿನ ವಸ್ತುವನ್ನು ಕರಗಿಸಿ ನಾಳಗಳಿಗೆ ದಾರಿ ಬಿಡಿಸುತ್ತದೆ. ನಾಳಗಳ ಜೊತೆಗೇ ಮೂಳೆ ಕಟ್ಟುವ ಕೋಶಗಳೂ ಒಳಬರುತ್ತವೆ. ಆದರೆ ಒಂದು ಮಾತು: ಕಾಂಡ್ರೋಮಾಡ್ಯುಲಿನ್ ಜೀನ್ ಇಲ್ಲದ ಇಲಿಗಳಲ್ಲೂ ಮೃದ್ವಸ್ಥಿ ಬಹುಮಟ್ಟಿಗೆ ಸರಿಯಾಗಿಯೇ ಬೆಳೆಯುತ್ತದೆ. ಅಂದರೆ ತಡೆಯುವ ಕೆಲಸ ಇದೊಂದರದ್ದೇ ಅಲ್ಲ, ಥ್ರಾಂಬೋಸ್ಪಾಂಡಿನ್‌ನಂಥ ಬೇರೆ ಪ್ರೋಟೀನುಗಳೂ ಅಲ್ಲಿವೆ.