ಚಂದ್ರ ಮತ್ತು ಅಯಾನುಗೋಳ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನೂರು ಕಿ.ಮೀ. ಎತ್ತರದ ಅಯಾನುಗೋಳವನ್ನೂ (ಆವೇಶಿತ ಕಣಗಳಿರುವ ವಾಯುಪದರ) ಚಂದ್ರ ಸಮುದ್ರದಂತೆ ನೇರವಾಗಿ ಎಳೆಯುತ್ತಾನೆಯೇ? ಭೂಮಧ್ಯರೇಖೆಯ ಬಳಿ ಪರಿಣಾಮ ಹೆಚ್ಚೇಕೆ?

ಉತ್ತರ: ನೇರ ಎಳೆತದ ಪಾಲು ತೀರಾ ಸಣ್ಣದು. ಚಂದ್ರನಿಂದಾಗುವ ಅಲೆ ಹುಟ್ಟುವುದು ಕೆಳಗಿನ ದಟ್ಟ ಗಾಳಿಯಲ್ಲಿ. ಚಂದ್ರನ ಗುರುತ್ವ ಒಂದು ಕಾರಣ, ಉಬ್ಬಿಳಿಯುವ ಕಡಲು ತಳದಿಂದ ಗಾಳಿಯನ್ನು ನೂಕುವುದು ಇನ್ನೊಂದು. ಅದರ ಅವಧಿ 12 ಗಂಟೆ 25 ನಿಮಿಷ. ಉಷ್ಣವಲಯದ ನೆಲಮಟ್ಟದಲ್ಲೂ ಅದು ವಾಯುಭಾರವನ್ನು ಅಲುಗಿಸುವುದು 0.1 ಹೆಕ್ಟೊಪಾಸ್ಕಲ್‌ಗಿಂತ ಕಡಿಮೆ. ಆದರೆ ಮೇಲೇರಿದಂತೆ ಗಾಳಿ ತೆಳುವಾಗುವುದರಿಂದ ಅಲೆ ಹಿಗ್ಗುತ್ತದೆ. ಆ ಗಾಳಿ ಆವೇಶಿತ ಕಣಗಳನ್ನು ಭೂಕಾಂತಕ್ಷೇತ್ರಕ್ಕೆ ಅಡ್ಡಲಾಗಿ ಒಯ್ದಾಗ ಡೈನಮೊದಲ್ಲಿ ಆಗುವಂತೆಯೇ ವಿದ್ಯುತ್ ಹುಟ್ಟುತ್ತದೆ.

ಇಲ್ಲಿ ಲೆಕ್ಕಕ್ಕೆ ಬರುವುದು ನಕ್ಷೆಯ ಭೂಮಧ್ಯರೇಖೆಯಲ್ಲ, ಭಾರತದ ದಕ್ಷಿಣ ತುದಿಯ ಬಳಿ ಹಾಯುವ ಕಾಂತೀಯ ಸಮಭಾಜಕ. 1963ರಲ್ಲಿ ರಾಕೆಟ್ ಹಾರಿಸಲು ಕೇರಳದ ತುಂಬಾ ಎಂಬ ಊರನ್ನು ಆರಿಸಿದ್ದು ಇದಕ್ಕಾಗಿಯೇ. ಅಲ್ಲಿ ಕಾಂತರೇಖೆಗಳು ಅಡ್ಡ ಮಲಗಿರುತ್ತವೆ. ಮೇಲೆ-ಕೆಳಗೆ ಹರಿಯಬೇಕಾದ ವಿದ್ಯುತ್ತಿಗೆ ದಾರಿ ಕಟ್ಟಿ, ಆವೇಶ ಜಮೆಯಾಗಿ, ಪೂರ್ವ-ಪಶ್ಚಿಮ ಪ್ರವಾಹ ಬಲಗೊಳ್ಳುತ್ತದೆ. ಸುಮಾರು 105 ಕಿ.ಮೀ. ಎತ್ತರದಲ್ಲಿ ಹಗಲು ಹರಿಯುವ ಈ ಕಿರುಪಟ್ಟಿಯೇ ಎಲೆಕ್ಟ್ರೋಜೆಟ್.

ಪ್ರಶ್ನೆ: ಚಂದ್ರನ ಅಲೆ ಹುಡುಕಲು ತಿರುನೆಲ್ವೇಲಿಯ ಕಾಂತಮಾಪಕದ ದಿನದ ಸರಾಸರಿ ತೆಗೆದು ಅಮಾವಾಸ್ಯೆ, ಹುಣ್ಣಿಮೆಗಳನ್ನು ಹೋಲಿಸಿದೆ. ಏನೂ ಕಾಣಲಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ಎರಡು ಕಡೆ. ಅರ್ಧದಿನದ ಅಲೆಗೆ ಅಮಾವಾಸ್ಯೆಯೂ ಹುಣ್ಣಿಮೆಯೂ ಒಂದೇ. ಅವುಗಳ ನಡುವೆ ವ್ಯತ್ಯಾಸ ಹುಡುಕಬಾರದು. ಇನ್ನು, ಬೆಳಗಿನ ಏರಿಕೆ ಮತ್ತು ಮಧ್ಯಾಹ್ನದ ಇಳಿಕೆ ದಿನದ ಸರಾಸರಿಯಲ್ಲಿ ಒಂದನ್ನೊಂದು ಬಹುಪಾಲು ಅಳಿಸಿಬಿಡುತ್ತವೆ.

ಗಂಟೆವಾರು ದತ್ತಾಂಶವನ್ನೇ ಇಟ್ಟುಕೊಳ್ಳಿ. ಭೂಕಾಂತಕ್ಷೇತ್ರದ ಸಮತಲ ಘಟಕದಿಂದ ಆಯಾ ರಾತ್ರಿಯ ಮಟ್ಟವನ್ನು ಕಳೆಯಿರಿ. ಮುಂಬೈ ಬಳಿಯ ಅಲಿಬಾಗ್ ಕಾಂತ ವೀಕ್ಷಣಾಲಯದ ದತ್ತಾಂಶಕ್ಕೂ ಹೀಗೇ ಮಾಡಿ, ತಿರುನೆಲ್ವೇಲಿಯದರಿಂದ ಅದನ್ನು ಕಳೆಯಿರಿ. ಅಲಿಬಾಗ್ ಎಲೆಕ್ಟ್ರೋಜೆಟ್‌ನ ಆಚೆಗಿರುವುದರಿಂದ ದೂರದ ಪ್ರವಾಹಗಳ ಪ್ರಭಾವ ಹೆಚ್ಚಿನಂಶ ಹೋಗುತ್ತದೆ. ಕೆಪಿ ಸೂಚ್ಯಂಕ (ಭೂಕಾಂತಕ್ಷೇತ್ರದ ಕಲಕಾಟದ ಅಳತೆ) 3 ದಾಟಿದ ದಿನಗಳನ್ನು ಬಿಡಿ. ಸಮಯ ಭಾರತೀಯ ಕಾಲಮಾನವಲ್ಲ, ಸ್ಥಳೀಯ ಕಾಲ: ತಿರುನೆಲ್ವೇಲಿಗೆ ವಿಶ್ವಕಾಲಕ್ಕೆ (ಯುಟಿಸಿ) 5 ಗಂಟೆ 11 ನಿಮಿಷ ಕೂಡಿಸಿ. ಅದರಿಂದ ಚಂದ್ರನ ವಯಸ್ಸನ್ನು (ಅಮಾವಾಸ್ಯೆಗೆ 0, ಹುಣ್ಣಿಮೆಗೆ 12 ಗಂಟೆ) ಕಳೆದರೆ ಚಾಂದ್ರಕಾಲ ಸಿಗುತ್ತದೆ.

ಸೂರ್ಯನ 12 ಗಂಟೆಯ ಅಲೆಯಿಂದ ಚಂದ್ರನದನ್ನು ಬಿಡಿಸಲು ಕನಿಷ್ಠ 14.77 ದಿನಗಳ ದತ್ತಾಂಶ ಬೇಕು. ಒಂದು ವಾರದ ದತ್ತಾಂಶಕ್ಕೆ ಸೈನ್ ರೇಖೆ ಹೊಂದಿಸಿದರೆ ಏನೋ ಒಂದು ಸಂಖ್ಯೆ ಬರುತ್ತದೆ, ಆದರೆ ಅದನ್ನು ನಂಬಬೇಡಿ.

ಅಭ್ಯಾಸಕ್ಕೆ 2009ರ ಜನವರಿಯನ್ನು ಆರಿಸಿ. ಉತ್ತರ ಧ್ರುವದ ಸ್ತರಗೋಳ (ಅಯಾನುಗೋಳಕ್ಕಿಂತ ಕೆಳಗಿನ ವಾಯುಪದರ) ಆಗ ಹಠಾತ್ತನೆ ಬಿಸಿಯಾಗಿ ಅಲ್ಲಿನ ಗಾಳಿಯ ದಿಕ್ಕೇ ತಿರುಗಿತ್ತು. ಅಂಥ ಸಂದರ್ಭದಲ್ಲಿ ವಾಯುಮಂಡಲದ ಸಹಜ ಅನುರಣನ ಚಂದ್ರನ ಅವಧಿಯತ್ತ ಸರಿಯುವುದರಿಂದ, ಸಾಮಾನ್ಯವಾಗಿ ಸಣ್ಣದಾಗಿರುವ ಈ ಅಲೆ ಸಮಭಾಜಕದಲ್ಲಿ ಎದ್ದು ಕಾಣುತ್ತದೆ. ಬೆಳಗ್ಗೆ ಪ್ರವಾಹ ಹೆಚ್ಚಿ, ಮಧ್ಯಾಹ್ನದ ನಂತರ ಪಶ್ಚಿಮಕ್ಕೆ ತಿರುಗಬಹುದು. ಈ ಏರಿಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಜರುಗುತ್ತಿದೆಯೇ ಎಂದು ನೋಡಿ. ಜರುಗದೆ ಅದೇ ಗಂಟೆಗೆ ನಿಂತರೆ ನಿಮ್ಮ ಕೈಗೆ ಸಿಕ್ಕಿರುವುದು ಸೂರ್ಯನ ಅಲೆ.