ಸ್ಕ್ಯಾನ್ ನಾರ್ಮಲ್, ತಮ್ಮ ಮಾತ್ರ ನಾರ್ಮಲ್ ಇಲ್ಲ

ಪ್ರಶ್ನೆ: ನನ್ನ ತಮ್ಮನಿಗೆ 22 ವರ್ಷ. ರಗ್ಬಿ ಆಡುತ್ತಾನೆ. ಮೂರು ವಾರದ ಹಿಂದೆ ಟ್ಯಾಕಲ್ ಮಾಡುವಾಗ ಎದುರಾಳಿಯ ಮೊಣಕಾಲು ಅವನ ತಲೆಗೆ ಬಡಿಯಿತು. ಪ್ರಜ್ಞೆ ತಪ್ಪಲಿಲ್ಲ. ಸ್ಕ್ಯಾನ್‌ನಲ್ಲೂ ಏನೂ ಇಲ್ಲ. ಆದರೆ ಆವತ್ತಿನಿಂದ ಕರ್ಟನ್ ಎಳೆದುಕೊಂಡೇ ಕೂರುತ್ತಾನೆ. ಹೇಳಿದ್ದನ್ನೇ ಮತ್ತೆ ಹೇಳುತ್ತಾನೆ, ಸುಮ್ಸುಮ್ನೆ ರೇಗುತ್ತಾನೆ. ಕೋಚ್ ಮುಂದೆ ಮಾತ್ರ 'ಫಿಟ್ ಇದ್ದೀನಿ' ಅಂದಿದ್ದಾನೆ. ಮುಂದಿನ ವಾರ ಫೈನಲ್. ಯಾರಿಗೂ ಹೇಳಬಾರದು ಅಂತ ನನಗೆ ಆಣೆ ಹಾಕಿಸಿದ್ದಾನೆ. ತಲೆಗೆ ಪೆಟ್ಟು ತಿನ್ನುವ ಆಟಗಾರರಿಗೆ ಬರುವ ಸಿಟಿಇ ಎಂಬ ಮೆದುಳಿನ ಕಾಯಿಲೆ ಬಗ್ಗೆ ಓದಿ ನನಗೆ ನಿದ್ದೆ ಹತ್ತುತ್ತಿಲ್ಲ. ಬಾಯಿ ಬಿಟ್ಟರೆ ಅವನು ಮಾತು ಬಿಡುತ್ತಾನೆ. ಏನು ಮಾಡಲಿ?

ಉತ್ತರ: ಮೊದಲು ಆಣೆಯ ವಿಷಯ ಮುಗಿಸಿಬಿಡೋಣ. ಅದನ್ನು ಮುರಿಯಿರಿ. ಆದರೆ ಬೆನ್ನ ಹಿಂದೆ ಬೇಡ, ಅವನಿಗೆ ಹೇಳಿಯೇ ಮುರಿಯಿರಿ.

ಸಿಟಿ ಸ್ಕ್ಯಾನ್ ಹುಡುಕುವುದು ರಕ್ತಸ್ರಾವ, ಮೂಳೆ ಬಿರುಕು ಇಂಥವನ್ನು. ಕನ್ಕಶನ್, ಅಂದರೆ ಪೆಟ್ಟಿನಿಂದ ಮೆದುಳಿಗೆ ಆಗುವ ಆಘಾತ, ಅದರಲ್ಲಿ ಕಾಣುವುದಿಲ್ಲ. ತಲೆ ಜೋರಾಗಿ ಅಲುಗಿದಾಗ ನರಕೋಶಗಳ ಕೆಲಸ ಏರುಪೇರಾಗುತ್ತದೆ, ಸ್ಕ್ಯಾನ್‌ನಲ್ಲಿ ಆಕಾರ ನೆಟ್ಟಗೇ ಕಾಣುತ್ತದೆ. ಪ್ರಜ್ಞೆ ತಪ್ಪಲಿಲ್ಲ ಅನ್ನುವುದೂ ಸಮಾಧಾನದ ಮಾತಲ್ಲ, ಹೆಚ್ಚಿನವರಿಗೆ ತಪ್ಪುವುದೇ ಇಲ್ಲ. ಬೆಳಕು ಆಗದಿರುವುದು, ಮರೆವು, ಸಿಡುಕು ಎಲ್ಲವೂ ಆ ಪೆಟ್ಟಿನ ಲಕ್ಷಣಗಳೇ ಇರಬಹುದು. ನಿಮ್ಮ ಮೇಲೆ ರೇಗಿದಾಗ ಇದು ನೆನಪಿರಲಿ. ಇನ್ನು 'ಫಿಟ್ ಇದ್ದೀನಿ' ಅಂತ ಅವನೇ ಹೇಳಿದ್ದನ್ನು ಕೋಚ್ ನಂಬಿದ್ದು ಬೇರೆ! ಪೆಟ್ಟು ತಿಂದ ಮೆದುಳಿನ ಕೈಯಲ್ಲೇ ಅದಕ್ಕೆ ಸರ್ಟಿಫಿಕೇಟ್ ಬರೆಸಿಕೊಂಡ ಹಾಗಾಯಿತು, ಅಲ್ವಾ?

ದೊಡ್ಡವರಲ್ಲಿ ಬಹುಪಾಲು ಜನ ಎರಡು ವಾರದ ಆಸುಪಾಸಿನಲ್ಲಿ ಸುಧಾರಿಸಿಕೊಳ್ಳುತ್ತಾರೆ. ಕೆಲವರಿಗೆ ಜಾಸ್ತಿ ಹಿಡಿಯುತ್ತದೆ. ಹಾಗಾಗಿ ಮೂರು ವಾರ ಆಯಿತೆಂದು ಗಾಬರಿ ಬೇಡ. ಆದರೆ ವಾಸಿಯಾಗುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಚೇತರಿಕೆ ತಿಂಗಳುಗಟ್ಟಲೆ ಎಳೆಯಬಹುದು. ತೀರಾ ಅಪರೂಪಕ್ಕೆ, ಅದೂ ಹೆಚ್ಚಾಗಿ ಎಳೆಯರಲ್ಲಿ, ಮೆದುಳು ದಿಢೀರನೆ ಊದಿಕೊಂಡು ಜೀವವೇ ಹೋಗಿರುವುದುಂಟು. ಕಾಲಿಗೆ, ಮಂಡಿಗೆ ಪೆಟ್ಟಾಗುವ ಸಾಧ್ಯತೆಯೂ ಕನ್ಕಶನ್ ಆದಮೇಲೆ ಹೆಚ್ಚು. ಅವನಿಗೆ ಈ ಕೊನೆಯ ಮಾತೇ ಬೇಗ ನಾಟೀತು. ಆಟಗಾರರಿಗೆ ತಲೆಗಿಂತ ಮಂಡಿಯ ಚಿಂತೆ ಜಾಸ್ತಿ.

ಹೀಗೆ ಹೇಳಿ ನೋಡಿ: "ನೀನು ನನಗೆ ಹಾಕಿಸಿದ ಆಣೆ ಇಟ್ಟುಕೊಳ್ಳಲು ನನ್ನ ಕೈಲಿ ಆಗಲ್ಲ ಕಣೋ. ನಾಳೆ ಸಂಜೆಯೊಳಗೆ ಟೀಮ್ ಡಾಕ್ಟರಿಗೆ ನೀನೇ ಹೇಳು, ನಾನೂ ಜೊತೆಗೆ ಬರ್ತೀನಿ. ನೀನು ಹೇಳದಿದ್ದರೆ ನಾನು ಹೇಳ್ತೀನಿ." ಇಷ್ಟೇ ಸಾಕು. ವಾದಕ್ಕೆ ಇಳಿಯಬೇಡಿ. ಈ ಮೂರು ವಾರದಲ್ಲಿ ನೀವು ಕಂಡದ್ದನ್ನು ತಾರೀಖಿನ ಸಮೇತ ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ. ಒಂದೇ ಪ್ರಶ್ನೆಯನ್ನು ಅವನು ಹತ್ತು ನಿಮಿಷದಲ್ಲಿ ಎರಡು ಸಲ ಕೇಳಿದ್ದು ಡಾಕ್ಟರಿಗೆ ಗೊತ್ತಾಗುವುದು ನಿಮ್ಮಿಂದಲೇ.

ಆಟಕ್ಕೆ ಮರಳಲು ಒಂದು ಕ್ರಮ ಇದೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಅದನ್ನು ಪರಿಷ್ಕರಿಸಿದರು. ಒಟ್ಟು ಆರು ಹಂತ, ಒಂದೊಂದಕ್ಕೂ ಕಡಿಮೆಯೆಂದರೆ 24 ಗಂಟೆ. ಲಕ್ಷಣಗಳೆಲ್ಲ ಹೋಗಿ, ಡಾಕ್ಟರು ಒಪ್ಪಿದ ಮೇಲಷ್ಟೇ ಮೈಗೆ ಮೈ ತಾಗುವ ಪ್ರಾಕ್ಟೀಸ್. ಈಗಿನ ಸ್ಥಿತಿಯಲ್ಲಿ ಈ ಫೈನಲ್ ಅವನದಲ್ಲ, ಅದನ್ನು ಮನಸ್ಸಿನಲ್ಲಿ ಈಗಲೇ ದಾಟಿಬಿಡಿ. ಹಾಗಂತ ಕತ್ತಲ ಕೋಣೆಯೂ ಮದ್ದಲ್ಲ. ಮೊದಲ ಒಂದೆರಡು ದಿನದ ವಿಶ್ರಾಂತಿ ಆದಮೇಲೆ, ತಲೆನೋವು ಹೆಚ್ಚಾಗದಷ್ಟು ನಡೆದಾಡುವುದು ಒಳ್ಳೆಯದೇ. ಪದೇಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ತೊದಲು, ಕೈಕಾಲಲ್ಲಿ ಶಕ್ತಿ ಕುಂದುವುದು ಇವುಗಳಲ್ಲಿ ಯಾವುದು ಕಂಡರೂ ಯಾರನ್ನೂ ಕೇಳುತ್ತ ಕೂರದೆ ಆಸ್ಪತ್ರೆಗೆ ಓಡಿ.

ನಿಮ್ಮ ನಿದ್ದೆ ಕೆಡಿಸಿದ ಸಿಟಿಇ? ಅಮೆರಿಕನ್ ಫುಟ್‌ಬಾಲ್ ಆಟಗಾರ ಮೈಕ್ ವೆಬ್‌ಸ್ಟರ್ 2002ರಲ್ಲಿ ತೀರಿಕೊಂಡಾಗ, ಶವಪರೀಕ್ಷೆ ಮಾಡಿದ ವೈದ್ಯ ಬೆನೆಟ್ ಒಮಾಲು ವೆಬ್‌ಸ್ಟರ್ ಮೆದುಳಿನಲ್ಲಿ ಇದನ್ನು ಕಂಡರು. ವೆಬ್‌ಸ್ಟರ್ ವೃತ್ತಿಪರವಾಗಿ ಆಡಿದ್ದು 17 ಸೀಸನ್. ವರ್ಷಗಟ್ಟಲೆ ತಲೆಗೆ ಮತ್ತೆಮತ್ತೆ ಬೀಳುವ ಪೆಟ್ಟಿಗೆ, ಸಣ್ಣಪುಟ್ಟವೂ ಸೇರಿದಂತೆ, ತಳುಕು ಹಾಕಿಕೊಂಡ ಕಾಯಿಲೆ ಇದು. ಒಂದು ಮೊಣಕಾಲಿನ ಏಟಿನಿಂದ ಬಂತು ಅಂತ ಅಂದುಕೊಳ್ಳಬೇಡಿ. ಇವತ್ತಿಗೂ ಖಚಿತವಾಗುವುದು ಸತ್ತ ಮೇಲೆ ಮೆದುಳು ಪರೀಕ್ಷಿಸಿದಾಗಲೇ. ಬದುಕಿರುವ ತಮ್ಮನನ್ನು ಅದರ ಹೆಸರು ಹೇಳಿ ಹೆದರಿಸಬೇಡಿ. ಎಷ್ಟು ವರ್ಷ ಆಡಬೇಕು ಅನ್ನುವುದು ಅವನು ಹುಷಾರಾದ ಮೇಲಿನ ಮಾತು.

ಅವನು ಮಾತು ಬಿಡಬಹುದು. ಬಿಡಲಿ, ನೀವು ಬಿಡಬೇಡಿ. ಆದರೆ ಅವನು ತೀರಾ ಕುಗ್ಗಿದ್ದರೆ, ಬದುಕು ಬೇಡ ಎಂಬಂಥ ಮಾತು ಬಂದರೆ, ಅದನ್ನು ಮುನಿಸು ಅಂದುಕೊಳ್ಳದೆ ಆವತ್ತೇ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಕೋಚ್ ಹತ್ತಿರ ಇನ್ನೊಂದು ಮಾತೂ ಕೇಳಿಕೊಳ್ಳಿ: ಗದ್ದಲ, ಬೆಳಕು ಅವನಿಗೆ ತಡೆಯುವಂತಿದ್ದರೆ ಫೈನಲ್ ದಿನ ತಂಡದ ಜೊತೆ ಬೆಂಚಿನಲ್ಲಿ ಕೂರಲು ಜಾಗ ಕೊಡಿ ಅಂತ.